ರವೆಯೋ, ಹಿಟ್ಟೋ? – ಸುಣ್ಣಕಲ್ಲಿಗೆ ತಕ್ಕ ಗಿರಣಿಯ ಆಯ್ಕೆ

ಹಿಟ್ಟಿನ ಗಿರಣಿಗೆ ಗೋಧಿ ಒಯ್ದರೆ ಗಿರಣಿಯವರು ಕೇಳುವ ಮೊದಲ ಮಾತು “ರವೆ ಮಾಡಲೋ, ಹಿಟ್ಟು ಮಾಡಲೋ?” ಎಂದು. ಧಾನ್ಯ ಒಂದೇ. ಆದರೆ ಉಪ್ಪಿಟ್ಟಿಗೆ ಹಿಟ್ಟು ಒದಗದು, ಚಪಾತಿಗೆ ರವೆ ಒದಗದು. ಸುಣ್ಣಕಲ್ಲಿನ ಪುಡಿಯ ವಿಷಯವೂ ಹೀಗೆಯೇ. ಸಿಮೆಂಟಿಗೆ ಬೇಕಾದ ಪುಡಿ ಒಂದು ಬಗೆಯದು, ಹುಳಿಮಣ್ಣಿನ ಹೊಲಕ್ಕೆ ಬೇಕಾದದ್ದು ಇನ್ನೊಂದು ಬಗೆಯದು, ಮೊಟ್ಟೆ ಕೋಳಿಯ ಮೇವಿಗೆ ಮತ್ತೊಂದು, ಗೋಡೆಯ ಬಣ್ಣಕ್ಕೆ ಬೇರೊಂದು.

ಪುಡಿ ಮಾಡುವ ಗಿರಣಿಗಳೂ ಹಲವು ಬಗೆಯವು. ಸುತ್ತಿಗೆ ಗಿರಣಿ, ಬಾಲ್ ಮಿಲ್, ರೇಮಂಡ್ ಮಿಲ್, ಲಂಬ ಉರುಳೆ ಗಿರಣಿ ಮುಂತಾದ ಹೆಸರುಗಳನ್ನು ನೀವು ಕೇಳಿರಬಹುದು. ಇವುಗಳಲ್ಲಿ ಯಾವುದು ಉತ್ತಮ ಎಂದು ಕೇಳಿದರೆ ಉತ್ತರವಿಲ್ಲ. ಯಾವ ಪುಡಿಗೆ ಯಾವುದು ತಕ್ಕದ್ದು ಎಂದು ಕೇಳಿದರೆ ಉತ್ತರವಿದೆ. ಅದನ್ನು ಲೆಕ್ಕ ಹಾಕಿಯೂ ತೋರಿಸಬಹುದು. ಆ ಲೆಕ್ಕಕ್ಕೆ ಬೇಕಾಗುವುದು ಪ್ರೌಢಶಾಲೆ ಮತ್ತು ಪಿಯುಸಿ ತರಗತಿಗಳಲ್ಲಿ ಕಲಿಸುವ ವಿಜ್ಞಾನವೇ. ಲೆಕ್ಕ ತಪ್ಪಿದರೆ ವಿದ್ಯುತ್ತು, ಹಣ ಎರಡೂ ವ್ಯರ್ಥ. ಕೆಲವೊಮ್ಮೆ ಕೆಲಸಗಾರರ ಆರೋಗ್ಯವೂ ಕೆಡುತ್ತದೆ.

ಕಲ್ಲನ್ನು ಮೊದಲು ಅರಿಯಿರಿ

ನಮ್ಮ ಅನೇಕ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣಕಲ್ಲೇ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಮುತ್ತ ಭೀಮಾ ಕಣಿವೆಯ ಪದರಶಿಲೆಗಳಲ್ಲಿ ಇದು ಹೇರಳವಾಗಿದೆ. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆಸಿರುವುದಕ್ಕೆ ಇದೇ ಕಾರಣ. ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆಯಲ್ಲೂ ಸುಣ್ಣಕಲ್ಲು ದೊರೆಯುತ್ತದೆ.

ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಇದನ್ನು ಸುಟ್ಟಾಗ ದೊರೆಯುವ ಸುಟ್ಟ ಸುಣ್ಣ, ಅದಕ್ಕೆ ನೀರು ಹಾಕಿದಾಗ ಆಗುವ ಅರಳಿದ ಸುಣ್ಣ – ಇವೆರಡೂ ಬೇರೆ ವಸ್ತುಗಳು. ಇಲ್ಲಿ ನಾವು ಮಾತನಾಡುತ್ತಿರುವುದು ಸುಡದ ಕಲ್ಲಿನ ಪುಡಿಯ ಬಗ್ಗೆ ಮಾತ್ರ.

ಗಿರಣಿಯ ದೃಷ್ಟಿಯಿಂದ ಕಲ್ಲಿನ ಮೂರು ಗುಣಗಳು ಮುಖ್ಯ. ಮೊದಲನೆಯದು ಗಡಸುತನ. ಮೋಸ್ ಮಾಪಕದಲ್ಲಿ ಕ್ಯಾಲ್ಸೈಟಿನ ಗಡಸುತನ 3. ಆದ್ದರಿಂದ ಶುದ್ಧ ಸುಣ್ಣಕಲ್ಲು ಉಕ್ಕಿನ ಬಿಡಿಭಾಗಗಳನ್ನು ಅಷ್ಟಾಗಿ ಸವೆಸುವುದಿಲ್ಲ. ಎರಡನೆಯದು ಕಲ್ಲಿನಲ್ಲಿ ಬೆರೆತಿರುವ ಸಿಲಿಕಾ. ಬೆಣಚುಕಲ್ಲಿನ ಗಡಸುತನ 7. ಶೇಕಡ ಕೆಲವೇ ಭಾಗ ಬೆಣಚು ಬೆರೆತಿದ್ದರೂ ವೇಗವಾಗಿ ತಿರುಗುವ ಸುತ್ತಿಗೆಗಳು ಬೇಗ ಸವೆದು ಹೋಗುತ್ತವೆ. ಮೂರನೆಯದು ತೇವ. ಬೇಸಿಗೆಯಲ್ಲಿ ಚೆನ್ನಾಗಿ ನಡೆಯುವ ಗಿರಣಿ ಮಳೆಗಾಲದಲ್ಲಿ ಕಟ್ಟಿಕೊಂಡು ನಿಲ್ಲುವುದು ಇದರಿಂದಲೇ. ಕಲ್ಲಿನೊಡನೆ ಜೇಡಿಮಣ್ಣೂ ಬಂದರೆ ತೊಂದರೆ ಇಮ್ಮಡಿಯಾಗುತ್ತದೆ.

ಪುಡಿಯ ಕೆಲಸವೇನು?

ಪುಡಿಯ ನಯವನ್ನು ಅಳೆಯುವ ಏಕಮಾನ ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ವ್ಯಾಪಾರದಲ್ಲಿ ‘ಮೆಷ್’ ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ. ಒಂದು ಅಂಗುಲ ಉದ್ದದ ಜರಡಿಯಲ್ಲಿ ಎಷ್ಟು ಕಣ್ಣುಗಳಿವೆ ಎಂಬುದೇ ಮೆಷ್. ಕಣ್ಣುಗಳು ಹೆಚ್ಚಾದಷ್ಟೂ ಒಂದೊಂದು ಕಣ್ಣು ಚಿಕ್ಕದಾಗುತ್ತದೆ. 60 ಮೆಷ್ ಎಂದರೆ 250 ಮೈಕ್ರಾನ್, 200 ಮೆಷ್ ಎಂದರೆ ಸುಮಾರು 75 ಮೈಕ್ರಾನ್, 325 ಮೆಷ್ ಎಂದರೆ ಸುಮಾರು 45 ಮೈಕ್ರಾನ್. ಬರಿದೇ “200 ಮೆಷ್ ಪುಡಿ” ಎಂದರೆ ಅರ್ಥ ಪೂರ್ಣವಾಗುವುದಿಲ್ಲ. ಆ ಜರಡಿಯಲ್ಲಿ ಶೇಕಡ ಎಷ್ಟು ಪುಡಿ ಇಳಿಯುತ್ತದೆ ಎಂಬುದನ್ನೂ ಹೇಳಬೇಕು.

ಈಗ ಕೆಲವು ಬಳಕೆಗಳನ್ನು ನೋಡೋಣ.

ಸಿಮೆಂಟ್: ಸುಣ್ಣಕಲ್ಲನ್ನು ಜೇಡಿ, ಕಬ್ಬಿಣದ ಅದಿರು ಮುಂತಾದವುಗಳೊಡನೆ ಅರೆದು ಕಚ್ಚಾಪುಡಿ ಮಾಡಿ ಗೂಡಿನಲ್ಲಿ ಸುಡುತ್ತಾರೆ. 90 ಮೈಕ್ರಾನ್ ಜರಡಿಯ ಮೇಲೆ ಶೇ. 12ರಿಂದ 16ರಷ್ಟು ಉಳಿದರೆ ಸಾಮಾನ್ಯವಾಗಿ ಸಾಕು. ಇದಕ್ಕಿಂತ ಒರಟಾದರೆ, ಅದರಲ್ಲೂ ಬೆಣಚಿನ ಕಣಗಳು ದಪ್ಪವಾಗಿದ್ದರೆ, ಗೂಡಿನಲ್ಲಿ ರಾಸಾಯನಿಕ ಕ್ರಿಯೆ ಪೂರ್ಣಗೊಳ್ಳುವುದಿಲ್ಲ.

ಕೃಷಿ: ಮಲೆನಾಡು ಮತ್ತು ಕರಾವಳಿಯ ಮಣ್ಣು ಬಹುಮಟ್ಟಿಗೆ ಆಮ್ಲೀಯ. ಅದನ್ನು ತಿದ್ದಲು ಸುಣ್ಣಕಲ್ಲಿನ ಪುಡಿ ಹಾಕುತ್ತಾರೆ. 2 ಮಿಲಿಮೀಟರಿಗಿಂತ ದಪ್ಪನೆಯ ಹರಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ. 250 ಮೈಕ್ರಾನಿಗಿಂತ ಸಣ್ಣ ಕಣಗಳು ಒಂದೆರಡು ಹಂಗಾಮುಗಳಲ್ಲಿ ಬಹುಪಾಲು ಕರಗಿ ಕೆಲಸ ಮಾಡುತ್ತವೆ. ಅದಕ್ಕಿಂತ ಬಹಳ ನಯವಾಗಿಸಿದರೆ ಲಾಭ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಎರಚುವಾಗ ಪುಡಿ ಗಾಳಿಗೆ ಹಾರಿಹೋಗುತ್ತದೆ.

ಕೋಳಿ ಮೇವು: ಮೊಟ್ಟೆಯ ಚಿಪ್ಪಿನ ಸುಮಾರು ಶೇ. 95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ, ಕೋಳಿ ಮೇಯದೆ ಇರುವಾಗ. ನಯವಾದ ಪುಡಿ ಕೋಳಿಯ ಹೊಟ್ಟೆಯಿಂದ ಬೇಗ ಸಾಗಿಹೋಗುತ್ತದೆ. 2ರಿಂದ 4 ಮಿಲಿಮೀಟರಿನ ಹರಳುಗಳಾದರೆ ಒಳಗೆ ನಿಂತು ರಾತ್ರಿಯಿಡೀ ನಿಧಾನವಾಗಿ ಕರಗುತ್ತವೆ. ಇಲ್ಲಿ ಬೇಕಾದದ್ದು ಹಿಟ್ಟಲ್ಲ, ರವೆ!

ಹೊಗೆ ಶುದ್ಧೀಕರಣ: ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳಲ್ಲಿ ಹೊಗೆಯ ಸಲ್ಫರ್ ಡೈಆಕ್ಸೈಡನ್ನು ಹೀರಲು ಸುಣ್ಣಕಲ್ಲಿನ ಪುಡಿ ಕಲಸಿದ ನೀರನ್ನು ಸಿಂಪಡಿಸುವ ವಿಧಾನವಿದೆ. ಕೊನೆಗೆ ಜಿಪ್ಸಮ್ ದೊರೆಯುತ್ತದೆ. ಇದಕ್ಕೆ ಪುಡಿಯ ಶೇ. 90 ಭಾಗ 325 ಮೆಷ್ ಜರಡಿಯಲ್ಲಿ ಇಳಿಯಬೇಕೆಂಬುದು ಸಾಮಾನ್ಯ ನಿಯಮ.

ಬಣ್ಣ, ಪ್ಲಾಸ್ಟಿಕ್, ಕಾಗದ: ಇಲ್ಲಿ 10 ಮೈಕ್ರಾನ್, ಕೆಲವೊಮ್ಮೆ 2 ಮೈಕ್ರಾನಿಗಿಂತಲೂ ಸಣ್ಣ ಕಣಗಳು ಬೇಕು. ಜೊತೆಗೆ ಪುಡಿ ಬೆಳ್ಳಗಿರಬೇಕು. ಬೂದು ಬಣ್ಣದ ಶಹಾಬಾದ್ ಕಲ್ಲು ಇದಕ್ಕೆ ಒದಗದು.

ನಯವಾದಷ್ಟೂ ದುಬಾರಿ

ಎಲ್ಲಕ್ಕೂ ಅತ್ಯಂತ ನಯವಾದ ಪುಡಿಯನ್ನೇ ಮಾಡಿಬಿಟ್ಟರೆ ಆಗದೇ? ಆಗದು. ಕಾರಣವನ್ನು ಒಂದು ಘನದ ಮೂಲಕ ತಿಳಿಯೋಣ.

ಒಂದು ಸೆಂಟಿಮೀಟರ್ ಅಂಚಿನ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಒಂದು ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ 1000 ತುಂಡುಗಳಾಗುತ್ತವೆ. ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರ್. 10 ಮೈಕ್ರಾನಿನ ಘನಗಳಾಗಿಸಿದರೆ ನೂರು ಕೋಟಿ ತುಂಡುಗಳು. ಒಟ್ಟು ಮೇಲ್ಮೈ 6000 ಚದರ ಸೆಂಟಿಮೀಟರ್. ವಸ್ತುವಿನ ತೂಕ ಹೆಚ್ಚಲಿಲ್ಲ, ಮೇಲ್ಮೈ ಮಾತ್ರ ಸಾವಿರ ಪಟ್ಟಾಯಿತು. ಹೊಸ ಮೇಲ್ಮೈ ಹುಟ್ಟಬೇಕಾದರೆ ಅಣುಗಳ ನಡುವಿನ ಬಂಧಗಳನ್ನು ಕಡಿಯಬೇಕು. ಅದಕ್ಕೆ ಶಕ್ತಿ ವ್ಯಯಿಸಬೇಕು.

ಅರೆಯುವಿಕೆಯ ಶಕ್ತಿ ಹೊಸ ಮೇಲ್ಮೈಗೆ ಅನುಪಾತದಲ್ಲಿರುತ್ತದೆ ಎಂದು 1867ರಲ್ಲಿ ರಿಟಿಂಗರ್ ಸೂಚಿಸಿದರು. 1885ರಲ್ಲಿ ಕಿಕ್ ಬೇರೊಂದು ನಿಯಮ ಹೇಳಿದರು. 1952ರಲ್ಲಿ ಅಮೆರಿಕದ ಫ್ರೆಡ್ ಬಾಂಡ್ ಕಾರ್ಖಾನೆಯ ಅನುಭವಕ್ಕೆ ಹತ್ತಿರವಾದ ಸೂತ್ರವೊಂದನ್ನು ಮುಂದಿಟ್ಟರು. ಗಿರಣಿಯ ಗಾತ್ರ ನಿರ್ಧರಿಸಲು ಇಂದಿಗೂ ಅದು ಬಳಕೆಯಲ್ಲಿದೆ.

ಒಂದು ಟನ್ನಿಗೆ ಬೇಕಾದ ಶಕ್ತಿ = 10 × ಕಲ್ಲಿನ ಸೂಚ್ಯಂಕ × (1/√ಹೊರಬರುವ ಗಾತ್ರ − 1/√ಒಳಹೋಗುವ ಗಾತ್ರ)

ಇಲ್ಲಿ ಗಾತ್ರ ಮೈಕ್ರಾನಿನಲ್ಲಿರುತ್ತದೆ, ಶೇ. 80 ಭಾಗ ಇಳಿಯುವ ಜರಡಿಯ ಕಣ್ಣಿನ ಅಳತೆಯೇ ಆ ಗಾತ್ರ. ಶಕ್ತಿ ಕಿಲೊವಾಟ್-ಗಂಟೆಯಲ್ಲಿ, ಅಂದರೆ ನಮ್ಮ ವಿದ್ಯುತ್ ಬಿಲ್ಲಿನ ಯೂನಿಟ್ಟಿನಲ್ಲಿ ಬರುತ್ತದೆ. ಸುಣ್ಣಕಲ್ಲಿನ ಸೂಚ್ಯಂಕ ಸುಮಾರು 12. ಗಣಿಯಿಂದ ಬಂದ ಕಲ್ಲನ್ನು ಮೊದಲು ಜಜ್ಜಿ 25 ಮಿಲಿಮೀಟರ್ ಜಲ್ಲಿ ಮಾಡಿಕೊಂಡಿದ್ದೇವೆ ಎಂದುಕೊಳ್ಳಿ. ಆಗ ಟನ್ನಿಗೆ ಬೇಕಾಗುವ ಶಕ್ತಿ ಹೀಗಿರುತ್ತದೆ:

2 ಮಿಲಿಮೀಟರ್ ಹರಳು – ಸುಮಾರು 2 ಯೂನಿಟ್
250 ಮೈಕ್ರಾನ್ – ಸುಮಾರು 7 ಯೂನಿಟ್
90 ಮೈಕ್ರಾನ್ – ಸುಮಾರು 12 ಯೂನಿಟ್
45 ಮೈಕ್ರಾನ್ – ಸುಮಾರು 17 ಯೂನಿಟ್
10 ಮೈಕ್ರಾನ್ – 37 ಯೂನಿಟ್

ಈ ಸೂತ್ರವನ್ನು ನೀರಿನಲ್ಲಿ ಅರೆಯುವ ಬಾಲ್ ಮಿಲ್ಲಿಗಾಗಿ ರೂಪಿಸಲಾಗಿದೆ. ಒಣದಾಗಿ ಅರೆದರೆ ಸುಮಾರು 1.3 ಪಟ್ಟು ಎಣಿಸಬೇಕು. ಬಹಳ ನಯವಾದ ಪುಡಿಯಲ್ಲಿ ನಿಜವಾದ ವೆಚ್ಚ ಸೂತ್ರ ಹೇಳುವುದಕ್ಕಿಂತಲೂ ಹೆಚ್ಚು. ಆದ್ದರಿಂದ ಇವನ್ನು ಅಂದಾಜು ಎಂದೇ ತಿಳಿಯಿರಿ. ಆದರೂ ಏರಿಕೆಯ ದಾರಿ ಸ್ಪಷ್ಟವಾಗಿದೆ.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. 100 ಕಿಲೊವಾಟ್ ಶಕ್ತಿಯನ್ನು ಕಲ್ಲಿಗೆ ಒದಗಿಸುವ ಗಿರಣಿ 250 ಮೈಕ್ರಾನ್ ಪುಡಿಯನ್ನು ಗಂಟೆಗೆ ಸುಮಾರು 14 ಟನ್ ಕೊಡಬಲ್ಲದು; 90 ಮೈಕ್ರಾನಾದರೆ 8 ಟನ್; 45 ಮೈಕ್ರಾನಾದರೆ 6 ಟನ್ನಿಗೂ ಕಡಿಮೆ. “ಗಂಟೆಗೆ 10 ಟನ್ ಸಾಮರ್ಥ್ಯ” ಎಂಬ ಜಾಹೀರಾತು ಕಂಡರೆ “ಎಷ್ಟು ನಯಕ್ಕೆ?” ಎಂದು ಕೇಳಬೇಕು. ನಯವನ್ನು ಹೇಳದ ಸಾಮರ್ಥ್ಯಕ್ಕೆ ಅರ್ಥವಿಲ್ಲ.

ಒನಕೆ, ರುಬ್ಬುಗುಂಡು ಮತ್ತು ಗಿರಣಿಗಳು

ಕಲ್ಲನ್ನು ಒಡೆಯುವ ವಿಧಾನಗಳು ಅಡುಗೆಮನೆಯಲ್ಲಿ ಕಾಣುವಂಥವೇ. ಒನಕೆ ಬಡಿಯುತ್ತದೆ, ರುಬ್ಬುಗುಂಡು ಒತ್ತುತ್ತದೆ, ಬೀಸುಕಲ್ಲು ಉಜ್ಜುತ್ತದೆ. ಗಿರಣಿಗಳಲ್ಲೂ ಈ ಮೂರೇ ಕ್ರಿಯೆಗಳು ಬೇರೆಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ.

ಸುತ್ತಿಗೆ ಗಿರಣಿ: ವೇಗವಾಗಿ ತಿರುಗುವ ದಂಡಕ್ಕೆ ಉಕ್ಕಿನ ಸುತ್ತಿಗೆಗಳನ್ನು ತೂಗುಹಾಕಿರುತ್ತಾರೆ. ಅವು ಕಲ್ಲನ್ನು ಬಡಿದು ಒಡೆಯುತ್ತವೆ. ಕೆಳಗಿನ ಜರಡಿಯಲ್ಲಿ ಇಳಿಯುವಷ್ಟು ಸಣ್ಣದಾಗುವವರೆಗೆ ಕಲ್ಲು ಒಳಗೇ ಇರುತ್ತದೆ. ಬೆಲೆ ಕಡಿಮೆ, ನಡೆಸುವುದು ಸುಲಭ. ಹರಳು ಮತ್ತು ಒರಟು ಪುಡಿಗೆ ಇದು ಸರಿ. ಆದರೆ ತೇವದ ಕಲ್ಲು ಹಾಕಿದರೆ ಜರಡಿ ಕಟ್ಟಿಕೊಳ್ಳುತ್ತದೆ, ಬೆಣಚು ಇದ್ದರೆ ಸುತ್ತಿಗೆ ಸವೆಯುತ್ತದೆ. ಬಹಳ ನಯವಾದ ಪುಡಿ ಇದರಿಂದ ಆಗದು.

ಬಾಲ್ ಮಿಲ್: ಅಡ್ಡಲಾಗಿ ಮಲಗಿಸಿದ ದೊಡ್ಡ ಉಕ್ಕಿನ ಉರುಳೆಯಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಉಕ್ಕಿನ ಗುಂಡುಗಳಿರುತ್ತವೆ. ಉರುಳೆ ತಿರುಗಿದಂತೆ ಗುಂಡುಗಳು ಮೇಲೇರಿ ಕಲ್ಲಿನ ಮೇಲೆ ಬೀಳುತ್ತವೆ, ಉರುಳಿ ಅರೆಯುತ್ತವೆ. ಇದನ್ನು ಎಷ್ಟು ವೇಗವಾಗಿ ತಿರುಗಿಸಬಹುದು? ವೇಗ ಮಿತಿ ಮೀರಿದರೆ ಗುಂಡುಗಳು ಗೋಡೆಗೆ ಅಂಟಿಕೊಂಡಂತೆ ಸುತ್ತುತ್ತವೆ, ಬೀಳುವುದೇ ಇಲ್ಲ. ಅತ್ಯಂತ ಮೇಲಿನ ಬಿಂದುವಿನಲ್ಲಿ ವೃತ್ತ ಚಲನೆಗೆ ಬೇಕಾದ ಬಲ ಗುಂಡಿನ ತೂಕಕ್ಕೆ ಸಮನಾದಾಗ ಈ ಮಿತಿ ಬರುತ್ತದೆ. ಸಮೀಕರಣದಲ್ಲಿ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ. ಕೋನೀಯ ವೇಗದ ವರ್ಗ ಗುರುತ್ವ ವೇಗೋತ್ಕರ್ಷವನ್ನು ತ್ರಿಜ್ಯದಿಂದ ಭಾಗಿಸಿದಷ್ಟಾಗುತ್ತದೆ. ಗುಂಡಿನ ಗಾತ್ರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 3 ಮೀಟರ್ ವ್ಯಾಸದ ಮಿಲ್ಲಿಗೆ ಇದು ನಿಮಿಷಕ್ಕೆ ಸುಮಾರು 24 ಸುತ್ತು. ಇದರ ಶೇ. 70ರಷ್ಟು, ಅಂದರೆ ಸುಮಾರು 17 ಸುತ್ತಿನಲ್ಲಿ ನಡೆಸುತ್ತಾರೆ. ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ತಾಳೆ ನೋಡಬಹುದು.

ಬಾಲ್ ಮಿಲ್ ಗಟ್ಟಿಮುಟ್ಟಾದ ಯಂತ್ರ. ಬೆಣಚು ಬೆರೆತ ಕಲ್ಲಿಗೂ ಹೆದರುವುದಿಲ್ಲ. ಒಣ ಅರೆತ, ನೀರಿನ ಅರೆತ ಎರಡಕ್ಕೂ ಸೈ. ಅದರ ದೋಷವೆಂದರೆ ಶಕ್ತಿಯ ಅಪವ್ಯಯ. ಗುಂಡಿಗೆ ಗುಂಡು ತಾಗಿ ಶಬ್ದ, ಶಾಖಗಳಾಗಿ ಹೋಗುವ ಪಾಲೇ ಹೆಚ್ಚು. ಹೊಸ ಮೇಲ್ಮೈ ಹುಟ್ಟಿಸಲು ಬಳಕೆಯಾಗುವ ಶಕ್ತಿ ಒಟ್ಟಿನಲ್ಲಿ ಸುಮಾರು ಶೇ. 1 ಮಾತ್ರ ಎಂಬುದು ಸಾಮಾನ್ಯ ಅಂದಾಜು.

ರೇಮಂಡ್ ಮಿಲ್: ನಿಂತ ದಂಡದಿಂದ ಲೋಲಕಗಳಂತೆ ತೂಗುವ ಉರುಳೆಗಳು ದಂಡ ತಿರುಗಿದಾಗ ಹೊರಕ್ಕೆ ಚಿಮ್ಮಿ ಸುತ್ತಲಿನ ಉಕ್ಕಿನ ಬಳೆಗೆ ಒತ್ತುತ್ತವೆ. ನಡುವೆ ಸಿಕ್ಕ ಕಲ್ಲು ಅರೆಯುತ್ತದೆ. ಗಂಟೆಗೆ ಕೆಲವು ಟನ್ನುಗಳಿಂದ ಹತ್ತಾರು ಟನ್ನುಗಳವರೆಗೆ, ಸುಮಾರು 45ರಿಂದ 200 ಮೈಕ್ರಾನ್ ಪುಡಿಗೆ ಇದು ಒಗ್ಗುತ್ತದೆ. ಮಧ್ಯಮ ಪ್ರಮಾಣದ ಉದ್ದಿಮೆಗಳಲ್ಲಿ ಇದು ಹೆಚ್ಚು ಬಳಕೆಯಲ್ಲಿದೆ.

ಲಂಬ ಉರುಳೆ ಗಿರಣಿ: ಇಲ್ಲಿ ತಿರುಗುವ ಉಕ್ಕಿನ ಮೇಜಿನ ಮೇಲೆ ದೊಡ್ಡ ಉರುಳೆಗಳನ್ನು ದ್ರವದ ಒತ್ತಡದಿಂದ ಅದುಮಿ ಹಿಡಿದಿರುತ್ತಾರೆ. ಮೇಜಿನ ಅಂಚಿನಿಂದ ಚೆಲ್ಲುವ ಪುಡಿಯನ್ನು ಬಿಸಿ ಅನಿಲ ಮೇಲಕ್ಕೆ ಒಯ್ಯುತ್ತದೆ. ಅರೆಯುವುದು, ಒಣಗಿಸುವುದು, ಬೇರ್ಪಡಿಸುವುದು ಮೂರೂ ಒಂದೇ ಗೂಡಿನೊಳಗೆ ನಡೆಯುತ್ತವೆ. ಕಲ್ಲಿನ ಹಾಸನ್ನೇ ನೇರವಾಗಿ ಅದುಮುವುದರಿಂದ ಬಾಲ್ ಮಿಲ್ಲಿಗಿಂತ ವಿದ್ಯುತ್ತು ಕಡಿಮೆ ಸಾಕು. ಬಂಡವಾಳ ಮಾತ್ರ ಬಹಳ ಬೇಕು. ಮೇಜಿನ ಮೇಲಿನ ಕಲ್ಲಿನ ಹಾಸು ಒಂದೇ ಸಮನಾಗಿರದಿದ್ದರೆ ಯಂತ್ರ ಅದುರುತ್ತದೆ. ನುರಿತ ಕೆಲಸಗಾರರು ಬೇಕು.

ಅತಿನಯದ ಗಿರಣಿಗಳು: 10 ಮೈಕ್ರಾನಿಗಿಂತ ಕೆಳಗೆ ಇಳಿಯಲು ಚಿಕ್ಕ ಮಣಿಗಳನ್ನು ನೀರಿನಲ್ಲಿ ಕಲಕುತ್ತಾ ಅರೆಯುವ ಯಂತ್ರಗಳಿವೆ. ಬಿಳುಪು ಮುಖ್ಯವಾದಲ್ಲಿ ಉಕ್ಕಿನ ಬದಲು ಪಿಂಗಾಣಿಯಂಥ ಮಣಿಗಳನ್ನು, ಒಳಹಾಸುಗಳನ್ನು ಬಳಸುತ್ತಾರೆ. ಉಕ್ಕು ಸವೆದು ಪುಡಿಗೆ ಬೆರೆತರೆ ಬಿಳುಪು ಕೆಡುತ್ತದೆ.

ಗಾಳಿಯ ಮೊರ

ಕೇರುವಾಗ ಹೊಟ್ಟು ಹಾರಿ ಕಾಳು ಉಳಿಯುವುದನ್ನು ನೋಡಿದ್ದೀರಿ. ಗಿರಣಿಯಲ್ಲೂ ಇಂಥ ಮೊರವೊಂದಿದೆ. ಅದನ್ನು ಗಾಳಿ ವಿಂಗಡಕ ಎನ್ನಬಹುದು. ಏರುವ ಗಾಳಿ ಕಣವನ್ನು ತನ್ನೊಡನೆ ಎಳೆಯುತ್ತದೆ. ವಿಂಗಡಕದ ತಿರುಗುವ ಚಕ್ರ ದಪ್ಪ ಕಣಗಳನ್ನು ಹೊರಕ್ಕೆ ಎಸೆಯುತ್ತದೆ. ಸಣ್ಣ ಕಣಗಳು ಗಾಳಿಯೊಡನೆ ಹೊರಗೆ ಹೋಗುತ್ತವೆ, ದಪ್ಪ ಕಣಗಳು ಮತ್ತೆ ಅರೆತಕ್ಕೆ ಬರುತ್ತವೆ. ಚಕ್ರದ ವೇಗ ಹೆಚ್ಚಿಸಿದರೆ ಪುಡಿ ಇನ್ನಷ್ಟು ನಯವಾಗುತ್ತದೆ.

ವಿಂಗಡಕವಿಲ್ಲದಿದ್ದರೆ ಏನಾಗುತ್ತದೆ? ಕೊನೆಯ ದಪ್ಪ ಕಣ ಒಡೆಯುವವರೆಗೂ ಆಗಲೇ ನಯವಾದ ಪುಡಿಯನ್ನೂ ಸುಮ್ಮನೆ ಅರೆಯುತ್ತಿರಬೇಕು. ನಯವಾದ ಪುಡಿ ಗುಂಡುಗಳಿಗೆ ಮೆತ್ತಿ ಮೆತ್ತೆಯಂತಾಗಿ ಏಟನ್ನು ತಗ್ಗಿಸುತ್ತದೆ. ಆದ್ದರಿಂದ ಗಿರಣಿ ಕೊಳ್ಳುವಾಗ ವಿಂಗಡಕವನ್ನೂ ಅಷ್ಟೇ ಎಚ್ಚರದಿಂದ ಪರೀಕ್ಷಿಸಬೇಕು.

ನೀರಿನ ಲೆಕ್ಕ

ಅರೆಯುವ ಶಕ್ತಿಯ ಬಗ್ಗೆ ತಲೆಕೆಡಿಸಿಕೊಳ್ಳುವವರು ತೇವದ ಲೆಕ್ಕವನ್ನು ಮರೆಯುವುದುಂಟು. ಒಂದು ಟನ್ ಕಲ್ಲಿನಲ್ಲಿ ಶೇ. 5 ತೇವವಿದ್ದರೆ ನೀರು 50 ಕಿಲೋಗ್ರಾಂ. ಅದನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಿ ಆವಿ ಮಾಡಲು ಕಿಲೋಗ್ರಾಮಿಗೆ ಸುಮಾರು 2570 ಕಿಲೊಜೂಲ್ ಬೇಕು. 50 ಕಿಲೋಗ್ರಾಮಿಗೆ ಸುಮಾರು 1,28,500 ಕಿಲೊಜೂಲ್. 3600ರಿಂದ ಭಾಗಿಸಿದರೆ ಸುಮಾರು 36 ಯೂನಿಟ್! ಅದೇ ಕಲ್ಲನ್ನು 45 ಮೈಕ್ರಾನಿಗೆ ಅರೆಯಲು ಬೇಕಾಗಿದ್ದ ಶಕ್ತಿಯ ಎರಡು ಪಟ್ಟಿಗೂ ಹೆಚ್ಚು.

ಸಿಮೆಂಟ್ ಕಾರ್ಖಾನೆಯಲ್ಲಿ ಈ ಶಾಖ ಗೂಡಿನಿಂದ ಹೊರಬರುವ ಬಿಸಿ ಅನಿಲದಿಂದ ಬಿಟ್ಟಿಯಾಗಿ ದೊರೆಯುತ್ತದೆ. ಲಂಬ ಗಿರಣಿ ಅಲ್ಲಿ ಹೊಂದುವುದಕ್ಕೆ ಇದೂ ಮುಖ್ಯ ಕಾರಣ. ಗೂಡಿಲ್ಲದ ಸಣ್ಣ ಉದ್ದಿಮೆಗೆ ಬಿಸಿಲೇ ಆಧಾರ. ಕಲ್ಲನ್ನು ಬೇಸಿಗೆಯಲ್ಲಿ ತಂದು ಸೂರಿನಡಿ ಕೂಡಿಡುವುದು ಅವರಿಗೆ ದೊಡ್ಡ ಉಳಿತಾಯ. ಹೊಗೆ ಶುದ್ಧೀಕರಣದಂತೆ ಕೊನೆಗೆ ಪುಡಿಯನ್ನು ನೀರಿನಲ್ಲೇ ಕಲಸಬೇಕಾದಲ್ಲಿ ಒಣಗಿಸುವುದೇಕೆ? ಅಲ್ಲಿ ನೀರಿನೊಡನೆ ಅರೆಯುವ ಬಾಲ್ ಮಿಲ್ ಸೂಕ್ತ. ಇತರ ಕಡೆ ಹಿಂದೆ ಬೀಳುವ ಯಂತ್ರ ಇಲ್ಲಿ ಮುಂದೆ ಬರುತ್ತದೆ.

ಎರಡು ಆಯ್ಕೆಗಳು

ಕಲಿತದ್ದನ್ನು ಈಗ ಬಳಸಿ ನೋಡೋಣ. ದಿನಕ್ಕೆ 3000 ಟನ್ ಕ್ಲಿಂಕರ್ ತಯಾರಿಸುವ ಸಿಮೆಂಟ್ ಗೂಡೊಂದನ್ನು ಊಹಿಸಿಕೊಳ್ಳಿ. ಒಂದು ಟನ್ ಕ್ಲಿಂಕರಿಗೆ ಸುಮಾರು 1.55 ಟನ್ ಕಚ್ಚಾಪುಡಿ ಬೇಕು. ಅಂದರೆ ದಿನಕ್ಕೆ 4650 ಟನ್. ಗಿರಣಿ ದಿನಕ್ಕೆ 20 ಗಂಟೆ ನಡೆದರೆ ಗಂಟೆಗೆ ಸುಮಾರು 230 ಟನ್. ಬಾಲ್ ಮಿಲ್ಲಿನ ಬದಲು ಲಂಬ ಗಿರಣಿ ಬಳಸಿ ಟನ್ನಿಗೆ 5 ಯೂನಿಟ್ ಉಳಿಸಿದರೂ ದಿನಕ್ಕೆ 23,250 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ದಿನಕ್ಕೆ 1,62,750 ರೂಪಾಯಿ. ದುಬಾರಿ ಯಂತ್ರ ಇಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ.

ಇನ್ನೊಂದು ಕಡೆ, ಹಲವು ರೈತರು ಕೂಡಿ ಹೊಲಗಳಿಗಾಗಿ ಗಂಟೆಗೆ 3 ಟನ್ ಪುಡಿ ಮಾಡುವ ಘಟಕ ಹಾಕುತ್ತಾರೆ ಎಂದುಕೊಳ್ಳಿ. ಇಲ್ಲಿ ಲಂಬ ಗಿರಣಿ ತಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಬೇಕಾದ ನಯ 250 ಮೈಕ್ರಾನ್. ಸೂತ್ರದ ಪ್ರಕಾರ ಗಂಟೆಗೆ 21 ಯೂನಿಟ್. ಯಂತ್ರದ ನಷ್ಟಗಳಿಗಾಗಿ ಮೋಟಾರನ್ನು ಇದರ ಒಂದೂವರೆಯಿಂದ ಎರಡು ಪಟ್ಟು ಶಕ್ತಿಯದಾಗಿ ಆರಿಸಬೇಕು. ಒಣ ಕಲ್ಲು, ಕಡಿಮೆ ಸಿಲಿಕಾ ಇದ್ದರೆ ಜರಡಿಯುಳ್ಳ ಸುತ್ತಿಗೆ ಗಿರಣಿ ಸಾಕು. ಸಿಲಿಕಾ ಹೆಚ್ಚಿದ್ದರೆ ಸಣ್ಣ ರೇಮಂಡ್ ಮಿಲ್ಲನ್ನು ಪರಿಶೀಲಿಸಬಹುದು. “ನಯವಾದಷ್ಟೂ ಒಳ್ಳೆಯದು” ಎಂಬ ಮಾತು ನಂಬಿ 45 ಮೈಕ್ರಾನಿಗೆ ಅರೆದರೆ? ಟನ್ನಿಗೆ 10 ಯೂನಿಟ್ ಹೆಚ್ಚು. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ನಡೆದರೆ 6000 ಟನ್ನಿಗೆ 60,000 ಯೂನಿಟ್. ಅದೇ ದರದಲ್ಲಿ 4,20,000 ರೂಪಾಯಿ. ಮಣ್ಣಿಗೆ ಅದರಿಂದ ಆಗುವ ಹೆಚ್ಚಿನ ಲಾಭ ಅತ್ಯಲ್ಪ. ಇದಕ್ಕೆ ವಿರುದ್ಧವಾದ ತಪ್ಪೂ ನಡೆಯಬಹುದು. ಅಗ್ಗವೆಂದು ದಪ್ಪ ಹರಳಿನ ಪುಡಿ ಕೊಂಡ ರೈತನ ಹೊಲದಲ್ಲಿ ಹುಳಿ ಹಾಗೆಯೇ ಉಳಿಯುತ್ತದೆ. ಕೊಟ್ಟ ಹಣ ಕಲ್ಲಾಗಿ ಮಣ್ಣಿನಲ್ಲಿ ಬಿದ್ದಿರುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಜರಡಿ ಹಿಡಿದು ನೋಡಬೇಕು.

ಧೂಳನ್ನು ಮರೆಯದಿರಿ

ಸುಣ್ಣಕಲ್ಲಿನ ಪುಡಿ ಹೊತ್ತಿ ಉರಿಯುವುದಿಲ್ಲ. ಕಲ್ಲಿದ್ದಲು ಗಣಿಗಳಲ್ಲಿ ಸ್ಫೋಟ ಹಬ್ಬದಂತೆ ತಡೆಯಲು ಇದನ್ನೇ ಎರಚುತ್ತಾರೆ. ಹಾಗೆಂದು ಇದರ ಧೂಳು ನಿರಪಾಯವಲ್ಲ. ಕಲ್ಲಿನಲ್ಲಿರುವ ಬೆಣಚು ಕೂಡ ಪುಡಿಯಾಗುತ್ತದೆ. ಅದರ ಅತಿ ಸಣ್ಣ ಕಣಗಳನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಸಿಲಿಕೋಸಿಸ್ ರೋಗ ತಗಲುತ್ತದೆ. ಇದನ್ನು ಗುಣಪಡಿಸುವ ಔಷಧವಿಲ್ಲ.

ಸ್ಟೋಕ್ಸ್ ನಿಯಮದಂತೆ ನಿಶ್ಚಲ ಗಾಳಿಯಲ್ಲಿ 10 ಮೈಕ್ರಾನಿನ ಸುಣ್ಣಕಲ್ಲಿನ ಕಣ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಮಾತ್ರ ಇಳಿಯುತ್ತದೆ. 5 ಮೈಕ್ರಾನಿನ ಕಣ ಸುಮಾರು 2 ಮಿಲಿಮೀಟರ್. ಮನುಷ್ಯನ ಮೂಗಿನ ಎತ್ತರದಿಂದ, ಅಂದರೆ ಒಂದೂವರೆ ಮೀಟರಿನಿಂದ ಅದು ನೆಲ ತಲುಪಲು 12 ನಿಮಿಷ ಬೇಕು. ಗಾಳಿ ಅಲುಗಾಡಿದರೆ ಇನ್ನೂ ಹೆಚ್ಚು. ಕಣ್ಣಿಗೆ ಕಾಣುವ ಧೂಳು ಅಡಗಿದ ಮೇಲೂ ಅಪಾಯಕರ ಧೂಳು ತೇಲುತ್ತಲೇ ಇರುತ್ತದೆ.

ಗಿರಣಿಯ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆ ಇರುವಂತೆ ಗಾಳಿಯನ್ನು ಎಳೆಯುತ್ತಿದ್ದರೆ ಸಂದುಗಳಿಂದ ಧೂಳು ಹೊರಬೀಳುವುದಿಲ್ಲ. ಎಳೆದ ಗಾಳಿಯನ್ನು ಬಟ್ಟೆಯ ಚೀಲಗಳ ಸೋಸುಕದ ಮೂಲಕ ಬಿಡಬೇಕು. ಈ ಸೋಸುಕ ಗಿರಣಿಯ ಅಂಗವೇ. ಅದರ ಬೆಲೆಯನ್ನು ಬಿಟ್ಟು ಕೊಟ್ಟ ದರಪಟ್ಟಿ ಅಗ್ಗವಾಗಿ ಕಾಣಬಹುದು, ಆದರೆ ಉಳಿದ ಬೆಲೆಯನ್ನು ತೆರುವವರು ಕೆಲಸಗಾರರು.

ಕೇಳಬೇಕಾದ ಪ್ರಶ್ನೆಗಳು

ಒಟ್ಟಿನಲ್ಲಿ ಗಿರಣಿ ಆರಿಸುವಾಗ ಪ್ರಶ್ನೆಗಳು ಈ ಕ್ರಮದಲ್ಲಿರಬೇಕು. ಪುಡಿಯ ಕೆಲಸವೇನು? ಅದಕ್ಕೆ ಸಾಕಾಗುವ ನಯ ಎಷ್ಟು, ಶೇಕಡ ಎಷ್ಟು ಭಾಗ? ಗಂಟೆಗೆ ಎಷ್ಟು ಟನ್? ಕಲ್ಲಿನಲ್ಲಿ ಸಿಲಿಕಾ ಎಷ್ಟು, ಮಳೆಗಾಲದಲ್ಲಿ ತೇವ ಎಷ್ಟು? ಒಣಗಿಸುವ ಶಾಖ ಎಲ್ಲಿಂದ? ಬಿಳುಪು ಮುಖ್ಯವೇ? ಧೂಳಿಗೆ ಏನು ವ್ಯವಸ್ಥೆ? ಇವುಗಳಿಗೆ ಉತ್ತರ ದೊರೆತ ಮೇಲೆ ಯಂತ್ರದ ಹೆಸರು ಮತ್ತು ಬೆಲೆ. ಕ್ರಮ ತಲೆಕೆಳಗಾದರೆ ಗಿರಣಿಗೆ ತಕ್ಕ ಪುಡಿ ಬರುತ್ತದೆಯೇ ಹೊರತು ಕೆಲಸಕ್ಕೆ ತಕ್ಕ ಪುಡಿ ಬರುವುದಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಈ ಎರಡು ಪ್ರಯೋಗಗಳನ್ನು ಉಪಾಧ್ಯಾಯರ ಸಮ್ಮುಖದಲ್ಲಿ, ಕಣ್ಣಿಗೆ ರಕ್ಷಣೆ ಧರಿಸಿ ಮಾಡಿ. ಆಮ್ಲ ಎಂದರೆ ಇಲ್ಲಿ ಒಂದು ಮೋಲಾರ್ ಸಾರತೆಯ ಹೈಡ್ರೊಕ್ಲೋರಿಕ್ ಆಮ್ಲ.

1. ಶಹಾಬಾದ್ ಕಲ್ಲಿನ ಚೂರೊಂದನ್ನು ಕುಟ್ಟಿ, ಟೀ ಸೋಸುವ ಜಾಲರಿಯ ಮೇಲೆ ಉಳಿದ ಹರಳು 1 ಗ್ರಾಂ, ತೆಳುಬಟ್ಟೆಯಲ್ಲಿ ಇಳಿದ ಪುಡಿ 1 ಗ್ರಾಂ ತೂಗಿಕೊಳ್ಳಿ. ಎರಡನ್ನೂ ಎರಡು ಬಲೂನುಗಳೊಳಗೆ ಹಾಕಿ. ಎರಡು ಶಂಕುಪಾತ್ರೆಗಳಲ್ಲಿ ತಲಾ 50 ಮಿಲಿಲೀಟರ್ ಆಮ್ಲ ಹಾಕಿ, ಬಲೂನುಗಳನ್ನು ಬಾಯಿಗೆ ಸಿಕ್ಕಿಸಿ. ಎರಡನ್ನೂ ಒಮ್ಮೆಗೇ ಎತ್ತಿ ಕಲ್ಲನ್ನು ಆಮ್ಲಕ್ಕೆ ಸುರಿಯಿರಿ. ಬಲೂನು ಪೂರ್ಣ ಉಬ್ಬಲು ಹಿಡಿದ ಕಾಲವನ್ನು ಬರೆದುಕೊಳ್ಳಿ. ಕೊನೆಗೆ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಬರುತ್ತವೆ, ಕಾಲ ಮಾತ್ರ ಬೇರೆ. ನಯ ಬದಲಿಸುವುದು ಕ್ರಿಯೆಯ ವೇಗವನ್ನು, ಪ್ರಮಾಣವನ್ನಲ್ಲ. ಹುಳಿಮಣ್ಣಿನಲ್ಲೂ ಕೋಳಿಯ ಹೊಟ್ಟೆಯಲ್ಲೂ ನಡೆಯುವುದು ಇದೇ.

2. ಅದೇ ಕಲ್ಲಿನ ಪುಡಿ 5 ಗ್ರಾಂ ತೆಗೆದುಕೊಂಡು 150 ಮಿಲಿಲೀಟರ್ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ನೊರೆ ನಿಂತ ಮೇಲೆ ತೂಗಿದ ಸೋಸುಕಾಗದದಲ್ಲಿ ಸೋಸಿ, ನೀರಿನಲ್ಲಿ ತೊಳೆದು, ಒಣಗಿಸಿ ತೂಗಿ. ಉಳಿದದ್ದು ಅರ್ಧ ಗ್ರಾಂ ಆದರೆ ಕಲ್ಲಿನಲ್ಲಿ ಕರಗದ ಭಾಗ ಶೇ. 10. ಇದರಲ್ಲಿ ಜೇಡಿ, ಬೆಣಚು ಎರಡೂ ಇರುತ್ತವೆ. ಈ ಶೇಷವನ್ನು ಹಳೆಯ ಗಾಜಿನ ಚೂರಿನ ಮೇಲೆ ಕೋಲಿನಿಂದ ಉಜ್ಜಿ ನೋಡಿ. ಗಾಜಿನ ಮೇಲೆ ಗೀರು ಬಿದ್ದರೆ ಅದು ಬೆಣಚಿನ ಗುರುತು. ಗಿರಣಿಯ ಸುತ್ತಿಗೆಯನ್ನು ಸವೆಸುವುದೂ ಅದೇ, ಕೆಲಸಗಾರರ ಶ್ವಾಸಕೋಶವನ್ನು ಕೆಡಿಸುವುದೂ ಅದೇ.

ಬೇರೆಬೇರೆ ಊರುಗಳ ಸುಣ್ಣಕಲ್ಲು ತರಿಸಿ ಎರಡನೆಯ ಪ್ರಯೋಗ ಮಾಡಿಸಿ. ಯಾವ ಕಲ್ಲಿಗೆ ಸುತ್ತಿಗೆ ಗಿರಣಿ ಆದೀತು, ಯಾವುದಕ್ಕೆ ಆಗದು ಎಂದು ವಿದ್ಯಾರ್ಥಿಗಳೇ ಹೇಳಲಿ.